ಸ್ಟಿಯರಿಂಗ್ ಧ್ವನ್ಯಾಲೋಕ

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಕಾವ್ಯಕ್ಕೆ ಧ್ವನಿಯೇ, ಅಂದರೆ ಮಾತು ಸೂಚಿಸುವ ಅರ್ಥವೇ, ಆತ್ಮವೆಂದು ಸಾಧಿಸಿದನು. ಅದೇ ಶತಮಾನದ ನಮ್ಮ ಕವಿರಾಜಮಾರ್ಗವು ಧ್ವನಿಯನ್ನು ಅಲಂಕಾರಗಳ ಸಾಲಿಗೆ ಸೇರಿಸಿತು, ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪ್ಪಳವನ್ನೂ ಹೆಸರಿಸಿತು. ಕೊಪ್ಪಳದಿಂದ ಗಂಗಾವತಿ, ಕಾರಟಗಿ ದಾಟಿದರೆ ಸಿಂಧನೂರು. ಇಷ್ಟು ಸಮೀಪಕ್ಕೆ ಬಂದ ಧ್ವನಿವಿಚಾರವು ಪಿಕಪ್ ಗಾಡಿಯ ಸ್ಟಿಯರಿಂಗಿನ ತನಕ ಬಾರದೆ ನಿಂತದ್ದು ಅಲಂಕಾರಶಾಸ್ತ್ರಕ್ಕಾದ ತುಂಬಲಾರದ ನಷ್ಟ. ಅದನ್ನು ಈ ಪ್ರಬಂಧವು ತುಂಬಲಿದೆ. ಅಧ್ಯಯನದ ವ್ಯಾಪ್ತಿ: ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ 150ಎ ರಾಷ್ಟ್ರೀಯ ಹೆದ್ದಾರಿ, ಹಾಗೂ ಅದರಿಂದ ಭತ್ತದ ಗದ್ದೆಗಳಿಗೆ ಇಳಿಯುವ ಸಮಸ್ತ ಎರೆಮಣ್ಣಿನ ದಾರಿಗಳು.

ಆನಂದವರ್ಧನನಿಗೆ ಎದುರಾಳಿಗಳು ಮೂವರು. ಧ್ವನಿಯೇ ಇಲ್ಲವೆಂಬವರು, ಇದ್ದರೂ ಅದು ಬೇರೆಯದರ ಛಾಯೆಯೆಂಬವರು, ಮಾತಿಗೆ ನಿಲುಕದೆಂಬವರು. ಮೂವರೂ ಇಂದು ಹೆದ್ದಾರಿಯ ಚಹಾ ಅಂಗಡಿಗಳಲ್ಲಿ ಜೀವಂತವಾಗಿದ್ದಾರೆ. ಮೊದಲನೆಯವನು ಹಾಡಿನ ವಾಲ್ಯೂಮ್ ಏರಿಸಿ, "ಎಲ್ಲೈತ್ರಿ ಸದ್ದು?" ಎನ್ನುತ್ತಾನೆ. ಎರಡನೆಯವನು, "ಗಾಡಿದಲ್ರಿ ಅದು, ರೋಡಿಂದು." ಮೂರನೆಯವನೇ ಅತ್ಯಂತ ಅಪಾಯಕಾರಿ: "ಒಂಥರಾ ಬರ್ತೈತಣ್ಣಾ. ಹೇಳಾಕ ಬರಂಗಿಲ್ಲ." ಈತನ ಮುಂದೆ ಮಿಸ್ತ್ರಿ ಮೌನವ್ರತ ಹಿಡಿದು ಪಾನಾ ಹುಡುಕುತ್ತಾನೆ.

"ಸ್ಟಿಯರಿಂಗಿನಾಗ ಸದ್ದು ಬರಾಕತ್ತೈತಿ" ಎಂಬ ವಾಕ್ಯವನ್ನು ವಾಚ್ಯಾರ್ಥದಲ್ಲಿ ಹಿಡಿಯುವವನು ಪಾಮರ. ಕಾಲುವೆ ಮೇಲೆ ಕ್ಯಾಂಪ್ ಇದೆ ಎಂದರೆ ತುಂಗಭದ್ರಾ ಎಡದಂಡೆಯ ನೀರಿನ ಮೇಲೆ ಯಾರೂ ಮನೆ ಕಟ್ಟಿಲ್ಲ. ದಂಡೆಯಲ್ಲಿದೆ ಎಂದು ತಿಳಿಯಬೇಕು. ಲಕ್ಷಣಾವೃತ್ತಿ ಎಂದರೆ ಇದೇ. ಹಾಗೆಯೇ ಕೈಯಲ್ಲಿರುವ ಚಕ್ರದಲ್ಲಿ ಸದ್ದು ಹುಟ್ಟುವುದು ಅಪರೂಪ. ಅದು ಕೆಳಗೆಲ್ಲೋ ಹುಟ್ಟಿ, ಕಬ್ಬಿಣದ ರಾಡುಗಳ ಗುಂಟ ಹತ್ತಿ, ಡ್ರೈವರನ ಅಂಗೈಗೆ ಬಂದು ಪ್ರಕಟವಾಗುತ್ತದೆ.

ಸದ್ದಿನ ಕರ್ತೃತ್ವ ನಿರ್ಣಯದಲ್ಲಿ ಮಸ್ಕಿಯೇ ಪ್ರಮಾಣ. ಅಶೋಕನ ಶಾಸನಗಳಲ್ಲಿ ಮೊದಲು ಸಿಗುತ್ತಿದ್ದವು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದ ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು, ಬಿರುದು ಯಾರದೆಂಬ ವಾದ ಮುಗಿಯಿತು. ಗುಂಯ್, ಕೀಂಯ್, ಟಕ್ ಇವೆಲ್ಲ ಬರೀ ಬಿರುದುಗಳು. ಹೆಸರಿಗಾಗಿ ಬಂಡೆಯ ಬಳಿಗೇ ಹೋಗಬೇಕು. (ಮಸ್ಕಿಯ ಮೇಲೆ ಹಾಯುವ ಲಾರಿಗಳ ಮೂತಿಯ ಮೇಲೂ ಅಶೋಕನ ಹೆಸರಿದೆ ಎಂದು ಹಿಗ್ಗಿ ನಾನು ಒಂದು ಉಪಪ್ರಬಂಧ ಆರಂಭಿಸಿದ್ದೆ. ಆದರೆ 1948ರಲ್ಲಿ ಅಶೋಕ್ ಮೋಟರ್ಸ್ ಸ್ಥಾಪಿಸಿದ ರಘುನಂದನ್ ಸರನ್ ಇಟ್ಟದ್ದು ತಮ್ಮ ಮಗನ ಹೆಸರನ್ನು. ಮೌರ್ಯರಿಗೆ ಸಂಬಂಧವಿಲ್ಲ. ಉಪಪ್ರಬಂಧ ಕೈಬಿಡಲಾಗಿದೆ.)

ಈಗ ಬಿರುದಾವಳಿ. ನಿಂತಲ್ಲೇ ತಿರುಗಿಸಿದಾಗ ಗುಂಯ್ ಎಂದು ಎದ್ದು, ರೇಸ್ ಕೊಟ್ಟಂತೆ ಶ್ರುತಿಯೂ ಏರಿದರೆ ಅದು ಪವರ್ ಸ್ಟಿಯರಿಂಗ್ ಪಂಪು. ಡಬ್ಬಿಯಲ್ಲಿ ಆಯಿಲ್ ಇಳಿದಿರುತ್ತದೆ. ನೊರೆ ಕಂಡರೆ ಗಾಳಿ ಹೊಕ್ಕಿದೆ. ಕೀಂಯ್ ಎಂದು ಕಿರುಚಿದರೆ ಬೆಲ್ಟು ಜಾರುತ್ತಿದೆ. ಕೊನೆಯ ತನಕ ತಿರುಗಿಸಿ ಹಿಡಿದಾಗ ನರಳುವುದು ಒತ್ತಡ ಇಳಿಸುವ ವಾಲ್ವು. ಅದು ದೋಷವಲ್ಲ, ಸ್ವಭಾವೋಕ್ತಿ. ಹಿಡಿದೇ ಕೂತರೆ ಮಾತ್ರ ಆಯಿಲ್ ಕಾಯುತ್ತದೆ. ಡ್ರೈವರನ ಕಾಲಬಳಿ ತಿರುವಿಗೊಮ್ಮೆ ಟಿಕ್ ಎಂದರೆ ಕಾಲಮಿನ ಕ್ರಾಸ್ ಸವೆದಿದೆ.

ಗುಂಡಿಗೆ ಇಳಿದಾಗ ಬರುವ ಟಕ್ ನಮ್ಮ ಸೀಮೆಯ ಪ್ರಧಾನ ರಸ. ಟೈ ರಾಡ್ ಎಂಡಿಗೂ ಬಾಲ್ ಜಾಯಿಂಟಿಗೂ ಒಂದು ರಬ್ಬರ್ ಬೂಟು ಇರುತ್ತದೆ. ಸಿಂಧನೂರಿನ ಬೇಸಿಗೆಗೆ ಅದು ಬಿರಿಯುತ್ತದೆ, ನಾಟಿ ಕಾಲದಲ್ಲಿ ಗದ್ದೆಯ ಕೆಸರುನೀರು ಒಳಗಿಳಿಯುತ್ತದೆ, ಗ್ರೀಸು ತೊಳೆದುಹೋಗುತ್ತದೆ. ಆಮೇಲೆ ಒಣಗಿದ ಮಣ್ಣು ಗುಂಡನ್ನು ಅರದಂತೆ ಉಜ್ಜುತ್ತದೆ. ಬೂಟಿನ ಬೆಲೆ ಚಹಾ ಖರ್ಚಿನಷ್ಟೂ ಇಲ್ಲವೆಂದು ಯಾರೂ ಅದನ್ನು ನೋಡುವುದಿಲ್ಲ.

ಪರೀಕ್ಷಾವಿಧಾನ: ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಎಂಜಿನ್ ಬಂದ್ ಮಾಡಬೇಕು. ಒಬ್ಬನು ಮೇಲೆ ಕೂತು ಸ್ಟಿಯರಿಂಗನ್ನು ಸ್ವಲ್ಪವೇ ಅತ್ತಿತ್ತ ಅಲ್ಲಾಡಿಸಬೇಕು. ಇನ್ನೊಬ್ಬನು ಗೋಣಿಚೀಲ ಹಾಸಿ ಕೆಳಗೆ ಮಲಗಿ, ಒಂದೊಂದೇ ಜಾಯಿಂಟನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಕಿವಿಗಿಂತ ಮೊದಲು ಕೈಗೆ ಟಕ್ ತಿಳಿಯುತ್ತದೆ. ಆಲಂಕಾರಿಕರು ಸಹೃದಯ ಎಂದದ್ದು ಈ ಕೆಳಗೆ ಮಲಗಿದವನನ್ನೇ. ಮೇಲೆ ಕೂತವನು ಬರಿಯ ವ್ಯಾಖ್ಯಾನಕಾರ, ಸಾಮಾನ್ಯವಾಗಿ ಗಾಡಿಯ ಮಾಲೀಕ.

ಪೂರ್ವಪಕ್ಷ: "ಮ್ಯಾಲೆ ಗಿರೀಸು ಹಚ್ಚಿದ್ರ ಸದ್ದು ನಿಂತೈತಲ್ರಿ ಮಿಸ್ತ್ರಿ?" ಸಮಾಧಾನ: ವ್ಯಂಜಕವಾದ ಸದ್ದು ಸತ್ತಿತು, ವ್ಯಂಗ್ಯವಾದ ಸವೆತ ಉಳಿಯಿತು. ಸವೆದ ಗುಂಡು ಒಂದು ದಿನ ಕಳಚಿದರೆ ಮುಂದಿನ ಗಾಲಿ ತನ್ನಿಚ್ಛೆಯಂತೆ ತಿರುಗಿ ಗಾಡಿ ಕಾಲುವೆಗೆ ಇಳಿಯುತ್ತದೆ. ಅಲ್ಲಿ ಧ್ವನಿಯಿಲ್ಲ, ಎಲ್ಲವೂ ವಾಚ್ಯ.

ಚಿಕಿತ್ಸೆ ಸರಳ. ಹಳೆಯ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಬೇಕು, ಸ್ಪ್ಲಿಟ್ ಪಿನ್ ಹೊಸದೇ ಇರಬೇಕು, ಕಡೆಗೆ ಅಲೈನ್‌ಮೆಂಟ್. ಪಂಪಿನ ಗಾಳಿ ತೆಗೆಯಲು ಮುಂದಿನ ಗಾಲಿಗಳನ್ನು ಎತ್ತಿ, ಗಟ್ಟಿ ಸ್ಟ್ಯಾಂಡು ಕೊಟ್ಟು, ಎಂಜಿನ್ ಚಾಲೂ ಮಾಡದೆ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತ, ಗುಳ್ಳೆ ನಿಲ್ಲುವ ತನಕ ಆಯಿಲ್ ತುಂಬಬೇಕು. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲೇ ಆಗಬೇಕು. ಅಲ್ಲಿಗೆ ಬ್ರೇಕ್ ಆಯಿಲ್ ಸುರಿಯುವುದು ಪ್ರಕ್ಷಿಪ್ತ ಪಾಠ, ಸೀಲುಗಳನ್ನು ತಿನ್ನುತ್ತದೆ.

ಆನಂದವರ್ಧನನ ಧ್ವನ್ಯಾಲೋಕಕ್ಕೆ ಉದ್ಯೋತಗಳೆಂಬ ನಾಲ್ಕು ಅಧ್ಯಾಯಗಳಿವೆ. ಈ ಪ್ರಬಂಧ ಒಂದಕ್ಕೇ ಮುಗಿಯಬೇಕಿತ್ತು. ಆದರೆ ಲಿಂಗಸುಗೂರಿಗೆ ಟ್ರಯಲ್ ಹೋಗಿಬಂದ ಡ್ರೈವರ್, "ಸ್ಟಿಯರಿಂಗ್ ಈಗ ಬೆಣ್ಣಿ ಆಗೈತಣ್ಣಾ. ಇನ್ನ ಹಿಂದ, ಪ್ಲೇಟಿನ ಬುಶ್ ಕಡೆ, ಒಂಥರಾ ಬರ್ತೈತಿ" ಎಂದಿದ್ದಾನೆ. ಮಿಸ್ತ್ರಿ ಗೋಣಿಚೀಲವನ್ನು ಹಿಂದಿನ ಗಾಲಿಯ ಕಡೆಗೆ ಎಳೆದುಕೊಂಡಿದ್ದಾನೆ.