ಸ್ಪರ್ಶಪಟ ಸಂಧಿಪ್ರಕರಣ

13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನ ಕೈಯಲ್ಲಿ ಮೊಬೈಲ್ ಇರಲಿಲ್ಲ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಟಚ್ ಕೆಟ್ಟ ಫೋನಿನೊಂದಿಗೆ ನಾಲ್ಕು ದಿನ ಏಗಿದವರಿಗೆ ಈ ವಿಷಯದಲ್ಲಿ ಸಣ್ಣ ಅನುಮಾನ ಏಳುತ್ತದೆ. ಅಷ್ಟಕ್ಕೂ, ದರ್ಪಣ ಎಂದರೆ ಗಾಜೇ ತಾನೆ?

ಬೆರಳೂ ಗಾಜೂ ಕೂಡಿದರೆ ಟಚ್, ಕೂಡುವುದೇ ಸಂಧಿ. ಈ ಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಹಳೆಯದು ಒತ್ತಡ ಪಂಥ. ಎರಡು ತೆಳು ಪದರ, ನಡುವೆ ಕೂದಲೆಳೆಯಷ್ಟು ಸಂದು; ಒತ್ತಿದರೆ ಪದರಗಳು ತಾಗಿ ವಿದ್ಯುತ್ ಹರಿಯುತ್ತದೆ. ಬೆರಳಾದರೇನು, ಉಗುರಾದರೇನು, ಕಡ್ಡಿಯಾದರೇನು, ಭೇದವಿಲ್ಲ. 1996ರ ಪಾಮ್ ಪೈಲಟ್ ಈ ಪಂಥದ್ದು. ಬೆಂಗಳೂರಿನ ವಿಜ್ಞಾನಿಗಳು ರೂಪಿಸಿ, 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ನಮ್ಮ ಸಿಂಪ್ಯೂಟರನ್ನೂ ಕಡ್ಡಿ ಹಿಡಿದೇ ಬಳಸಬೇಕಿತ್ತು. ಒತ್ತಡದ ಪರದೆಗೆ ವಯಸ್ಸಾದಂತೆ ದಿಕ್ಕು ತಪ್ಪುತ್ತಿತ್ತು. ಆಗ ಮೂಲೆಮೂಲೆಯ ಗುರುತುಗಳನ್ನು ಒಂದೊಂದಾಗಿ ಮುಟ್ಟಿಸಿ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕಾಗುತ್ತಿತ್ತು. 2007ರ ಐಫೋನ್‌ನಿಂದ ಮನೆಮಾತಾದದ್ದು ಹೊಸ ಪಂಥ. ಇಲ್ಲಿ ಒತ್ತುವಂತಿಲ್ಲ. ಬೆರಳಿನಲ್ಲಿ ವಿದ್ಯುತ್ ಹರಿಯಬಲ್ಲದೆಂಬ ಗುಣವನ್ನೇ ಗಾಜಿನಡಿಯ ಜಾಲ ಗ್ರಹಿಸುತ್ತದೆ. ಬರೀ ಉಗುರು ತಾಗಿಸಿದರೆ ಮಡಿಯಲ್ಲಿರುವ ಅಜ್ಜಿಯಂತೆ ಮುಖ ತಿರುಗಿಸುತ್ತದೆ.

ಇನ್ನು ದೋಷ ವಿಚಾರ. ಪರದೆಯ ಒಂದು ಪಟ್ಟಿ ಸತ್ತು, ಅಲ್ಲಿ ಮುಟ್ಟಿದ್ದೆಲ್ಲ ಮಾಯವಾದರೆ ಅದು ಲೋಪಸಂಧಿ. ಆ ಪಟ್ಟಿಯಲ್ಲೇ ಲಾಕಿನ ಅಂಕಿ ಇದ್ದರೆ ಯಜಮಾನರು ಸ್ವಂತ ಮನೆಯ ಜಗಲಿಯಲ್ಲೇ ಅತಿಥಿ. ಯಾರೂ ಮುಟ್ಟದೆ ತಾನಾಗಿ ಅಕ್ಷರ ಮೂಡಿದರೆ, ಆ್ಯಪ್ ತೆರೆದುಕೊಂಡರೆ, ರಾತ್ರಿ ಹನ್ನೊಂದಕ್ಕೆ ಬೀಗರಿಗೆ ವೀಡಿಯೊ ಕಾಲ್ ಹೋದರೆ ಆಗಮಸಂಧಿ. ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲವನ್ನೇ ಬೆರಳೆಂದು ಪರದೆ ಭ್ರಮಿಸುವುದು ಇದಕ್ಕೊಂದು ಕಾರಣ. ಬ್ಯಾಟರಿ ಊದಿಕೊಂಡು ಹಿಂದಿನಿಂದ ಪರದೆಯನ್ನು ತಳ್ಳುವುದು ಇನ್ನೊಂದು. ಎರಡನೆಯದಾದರೆ ವ್ಯಾಕರಣ ಬದಿಗಿಟ್ಟು ಫೋನನ್ನು ಮೊದಲು ಚಾರ್ಜಿನಿಂದ ತೆಗೆಯಬೇಕು.

ಪ್ರಬಂಧದ ಮುಖ್ಯ ಶೋಧ ಆದೇಶಸಂಧಿಯದು. ಕ, ತ, ಪ ಇರಬೇಕಾದಲ್ಲಿ ಗ, ದ, ಬ ಬರುವುದೆಂದು ಏಳನೇ ಕ್ಲಾಸಿನ ಮಕ್ಕಳೂ ಬಲ್ಲರು. ಈಗ ಇನ್‌ಸ್ಕ್ರಿಪ್ಟ್ ಕೀಲಿಮಣೆ ತೆರೆದು ನೋಡಬಹುದು. ಪ, ಕ, ತ ನಡುವಿನ ಸಾಲಿನಲ್ಲಿವೆ. ಅವುಗಳ ನೆತ್ತಿಯ ಮೇಲೆ ಬ, ಗ, ದ. ಅಂದರೆ ಸ್ಪರ್ಶ ಒಂದು ಸಾಲು ಮೇಲಕ್ಕೆ ಜಾರಿದರೆ ಸಾಕು, ಮಳೆ ಪಕ್ಕದ ಕಾಲ ಗಾಲವಾಗುತ್ತದೆ, ಬೆಟ್ಟದ ತಾವರೆ ದಾವರೆಯಾಗುತ್ತದೆ, ಕಣ್ಣಿನ ಪನಿ ಬನಿಯಾಗುತ್ತದೆ. ಕೆಟ್ಟ ಫೋನು ವ್ಯಾಕರಣ ತಪ್ಪುವುದಿಲ್ಲ, ಅಗತ್ಯಕ್ಕಿಂತ ಹೆಚ್ಚು ಪಾಲಿಸುತ್ತದೆ.

ಪರದೆ ಪೂರ್ತಿ ಸ್ತಬ್ಧವಾಗಿ ಯಾವ ಕಾರ್ಯವೂ ನಡೆಯದಿದ್ದರೆ ಪ್ರಕೃತಿಭಾವ. ಇದಕ್ಕೆ ಶಾಲಾ ಪುಸ್ತಕಗಳು ಕೊಡುವ ಉದಾಹರಣೆ ‘ಅಯ್ಯೋ + ಇದೇನು’. ಬೇರೆ ಉದಾಹರಣೆ ಹುಡುಕುವ ಅಗತ್ಯ ಬೀಳಲಿಲ್ಲ.

ಕರ್ಮಸಿದ್ಧಾಂತಕ್ಕೂ ಇಲ್ಲಿ ಎಡೆಯುಂಟು. ಐಫೋನ್ 6 ಪ್ಲಸ್‌ನ ಮೇಲ್ತುದಿಯಲ್ಲಿ ಬೂದು ಪಟ್ಟಿ ಮಿನುಗಿ ಟಚ್ ಸಾಯತೊಡಗಿದಾಗ, ಗಟ್ಟಿ ನೆಲಕ್ಕೆ ಹಲವು ಸಲ ಬೀಳಿಸಿದ್ದರ ಫಲವಿದು ಎಂದು 2016ರ ನವೆಂಬರಿನಲ್ಲಿ ಆಪಲ್ ಸಾರಿತು; ಪ್ರಾಯಶ್ಚಿತ್ತಕ್ಕೆ 149 ಡಾಲರ್ ಗೊತ್ತುಮಾಡಿತು. ಫೋನಿನ ಮೈ ಬಾಗಿ, ಒಳಗಿನ ಟಚ್ ಚಿಪ್ಪಿನ ಬೆಸುಗೆ ಬಿಡುತ್ತಿದೆ ಎಂಬುದು ರಿಪೇರಿಯವರ ಪೂರ್ವಪಕ್ಷ.

ಇನ್ನು ರಿಪೇರಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಗೆ ಬರಬೇಕು. ಸಂಧಿ ಮುಗಿದು ಸಮಾಸ ಶುರುವಾಗುವುದು ಇಲ್ಲೇ. “ಟಚ್ ಬೇರೆ ಬರಲ್ಲ ಸರ್, ಕಾಂಬೋನೇ ಹಾಕ್ಬೇಕು.” ಹಿಂದೆ ಎಷ್ಟೋ ಫೋನುಗಳಲ್ಲಿ ಟಚ್ ಗಾಜು ಬೇರೆ, ಡಿಸ್‌ಪ್ಲೇ ಬೇರೆ, ಕೆಟ್ಟದ್ದನ್ನಷ್ಟೇ ಬಿಡಿಸಿ ಹಾಕುತ್ತಿದ್ದರು. ಈಗ ಎರಡೂ ಅಂಟಿ ಏಕಪದವಾಗಿವೆ. ಒಡೆದದ್ದು ಬರೀ ಮೇಲಿನ ಗಾಜಾದರೆ ಬಿಸಿ ತಟ್ಟೆಯ ಮೇಲಿಟ್ಟು, ಸಣ್ಣ ತಂತಿ ಎಳೆದು ವಿಗ್ರಹವಾಕ್ಯ ಮಾಡುವ ನಿಪುಣರಿದ್ದಾರೆ. ಟಚ್ಚೇ ಹೋಗಿದ್ದರೆ ಸಮಸ್ತಪದವನ್ನೇ ಬದಲಿಸಬೇಕು. ‘ಒರಿಜಿನಲ್ಲಾ, ಕಾಪಿನಾ’ ಎಂಬ ಪ್ರಶ್ನೆ ಆಗ ಹುಟ್ಟುತ್ತದೆ. ಒರಿಜಿನಲ್ ಮೈಗೆ ಕಾಪಿ ಡಿಸ್‌ಪ್ಲೇ ಸ್ಪಷ್ಟವಾಗಿ ಅರಿಸಮಾಸ. 2019ರ ಐಫೋನ್ 11ರಿಂದೀಚೆಗೆ, ಡಿಸ್‌ಪ್ಲೇ ತನ್ನದೆಂದು ಖಾತ್ರಿಯಾಗದಿದ್ದರೆ ಫೋನೇ ಎಚ್ಚರಿಕೆ ತೋರಿಸುತ್ತದೆ. ಅರಿಸಮಾಸದ ವಿಷಯದಲ್ಲಿ ಕೇಶಿರಾಜ ಕೂಡ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಹಿಂದಿನ ಕವಿಗಳು ಬಳಸಿದ್ದರೆ, ಬಿರುದಾವಳಿಯಲ್ಲಿದ್ದರೆ ಹೋಗಲಿ ಎಂದುಬಿಡುತ್ತಿದ್ದ.

ರಿಪೇರಿಯೋ, ಹೊಸದೋ? ಪಕ್ಕ ಬಂದು ಕೂರುವ ಆಗಮ ಮಿತ್ರನಂತೆ, ಇದ್ದದ್ದನ್ನು ಎಬ್ಬಿಸಿ ತಾನು ಕೂರುವ ಆದೇಶ ಶತ್ರುವಿನಂತೆ ಎಂದು ವೈಯಾಕರಣರು ಹೇಳುವುದುಂಟು. ಹೊಸ ಫೋನು ಆದೇಶ. ಆಗಮವೆಂದರೆ ಅಂಗೈಯಗಲದ ಒಟಿಜಿ ಕೇಬಲ್, ಅದರ ತುದಿಗೆ ಕಂಪ್ಯೂಟರಿನ ಮೌಸ್. ಒಟಿಜಿ ಒಪ್ಪುವ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿದರೆ ಟಚ್ ಸತ್ತ ಪರದೆಯ ಮೇಲೆ ಪುಟ್ಟ ಬಾಣ ಮೂಡುತ್ತದೆ. ಲಾಕ್ ತೆಗೆದು ಫೋಟೊ, ನಂಬರುಗಳನ್ನೆಲ್ಲ ಉಳಿಸಿಕೊಳ್ಳಬಹುದು. ದರ್ಶಿನಿಯ ಕಟ್ಟೆಯ ಮೇಲೆ ಕಾಫಿ ಲೋಟ ಸರಿಸಿ ಮೌಸ್ ಆಡಿಸುತ್ತ ಹಣ ಪಾವತಿಸುವಾಗ, ಹಿಂದೆ ನಿಂತವರು ಆಗಮದ ಮಿತ್ರತ್ವವನ್ನು ಮೆಚ್ಚುತ್ತಾರೆಂದು ಹೇಳಲಾಗದು.

ಕೊನೆಗೆ ಆದೇಶವೇ ಆಗುತ್ತದೆ, ಹಳೆಯದು ಮಾತ್ರ ಲೋಪವಾಗುವುದಿಲ್ಲ. ಷೋಕೇಸಿನ ಡ್ರಾಯರಿನಲ್ಲಿ, ಅದರ ಪೂರ್ವಿಕರಿಬ್ಬರ ಪಕ್ಕದಲ್ಲಿ, ಮೌಸ್ ಸಮೇತ ಮಲಗುತ್ತದೆ. ಹಳೇ ಮೊಬೈಲಿಗೆ ಪ್ಲಾಸ್ಟಿಕ್ ಬುಟ್ಟಿ ಕೊಡುವ ಗಾಡಿಯ ಸ್ಪೀಕರ್ ಬೀದಿಯಲ್ಲಿ ಕೇಳಿದಾಗಲೆಲ್ಲ ಮನೆಯಾಕೆ ಡ್ರಾಯರ್ ಎಳೆಯುತ್ತಾರೆ, ಯಜಮಾನರು ಒಳಕ್ಕೆ ತಳ್ಳುತ್ತಾರೆ.