ಗಣಕತಾರ್ಕಿಕನ ಲಕ್ಷಣ ಮತ್ತು ಪರೀಕ್ಷೆ

ಯಾವ ಪದಾರ್ಥವನ್ನು ವಿಚಾರಿಸಬೇಕಾದರೂ ಮೊದಲು ಅದರ ಹೆಸರು ಹೇಳಿ, ಆಮೇಲೆ ಲಕ್ಷಣ ಹೇಳಿ, ಕೊನೆಗೆ ಆ ಲಕ್ಷಣ ನಿಲ್ಲುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕೆಂಬುದು ನ್ಯಾಯಶಾಸ್ತ್ರದ ಕ್ರಮ. ಈ ಕ್ರಮವನ್ನೇ ಹಿಡಿದು ಹೊರಟರೆ, ಕರ್ನಾಟಕದ ನಗರಗಳಲ್ಲಿ, ಅದರಲ್ಲೂ ಬೆಂಗಳೂರು ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ, ಕಳೆದ ಮೂವತ್ತು ವರ್ಷಗಳಿಂದ ಸಮೃದ್ಧವಾಗಿ ಬೆಳೆದಿರುವ ಒಂದು ಮನುಷ್ಯವರ್ಗಕ್ಕೆ ಗಣಕತಾರ್ಕಿಕ ಎಂದು ಹೆಸರಿಡಬಹುದು. ಕಂಪ್ಯೂಟರು, ಮೊಬೈಲು, ಅಂತರ್ಜಾಲ ಮತ್ತು ಈ ಮೂರರ ಬಗ್ಗೆ ಸರ್ಕಾರ ಹೊರಡಿಸುವ ಆದೇಶಗಳು ಎಂಬ ನಾಲ್ಕು ವಿಷಯಗಳಲ್ಲಿ ಯಾವುದೊಂದರ ಬಗ್ಗೆಯೂ ಅಭಿಪ್ರಾಯವಿಲ್ಲದೆ ಇರಲಾರದವನು, ಆ ಅಭಿಪ್ರಾಯವನ್ನು ಕೇಳಿದಾಗ ವಿಸ್ತಾರವಾಗಿಯೂ ಕೇಳದಿದ್ದಾಗ ಅತಿವಿಸ್ತಾರವಾಗಿಯೂ ಹೇಳುವವನು ಗಣಕತಾರ್ಕಿಕ ಎಂಬುದು ಸ್ಥೂಲವಾದ ಲಕ್ಷಣ.

ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ, ಎಂದರೆ ಸೇರಬಾರದವರನ್ನೂ ಒಳಗೆ ಸೇರಿಸಿಕೊಳ್ಳುವ ದೋಷ, ತಗಲುತ್ತದೆಂದೂ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಲಕ್ಷಾಂತರ ಮಂದಿಯೂ ಇದರಡಿ ಬಂದುಬಿಡುತ್ತಾರೆಂದೂ ಕೆಲವರು ಶಂಕಿಸಬಹುದು. ಶಂಕೆಗೆ ಆಧಾರವಿಲ್ಲ, ಏಕೆಂದರೆ ದಿನವಿಡೀ ಕೋಡ್ ಬರೆದು, ಔಟರ್ ರಿಂಗ್ ರಸ್ತೆಯಲ್ಲಿ ಅರ್ಧ ಆಯುಸ್ಸು ಕಳೆದು ಮನೆ ಸೇರುವವನ ಮುಂದೆ ಕಂಪ್ಯೂಟರಿನ ಮಾತೆತ್ತಿದರೆ ಅವನು ಮಾತು ಬದಲಿಸಿ ಕ್ರಿಕೆಟ್ಟಿಗೆ ಹೋಗುತ್ತಾನೆ. ನಿಜವಾದ ಗಣಕತಾರ್ಕಿಕನು ಸ್ವಯಂನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿಯೋ, ಭೌತಶಾಸ್ತ್ರದ ಉಪನ್ಯಾಸಕನೋ, ಸಾರ್ವಜನಿಕ ವಲಯದ ಕಾರ್ಖಾನೆಯ ಇಂಜಿನಿಯರೋ ಆಗಿದ್ದು, ಫ್ಲಾಪಿಯ ಕಾಲದಲ್ಲಿ ಸ್ವಂತ ಖರ್ಚಿನಿಂದ ಕಂಪ್ಯೂಟರು ಕೊಂಡು, ಅದನ್ನು ಬಿಚ್ಚಿ ಜೋಡಿಸಿ, ಜೋಡಿಸಿದ ಮೇಲೆ ಉಳಿದ ಎರಡು ಸ್ಕ್ರೂಗಳನ್ನು ಇಂದಿಗೂ ಡಬ್ಬಿಯಲ್ಲಿ ಇಟ್ಟುಕೊಂಡಿರುವವನು. ದರ್ಶಿನಿಯ ನಿಂತುಣ್ಣುವ ಮೇಜು, ಕಲ್ಯಾಣಮಂಟಪದ ಹಿಂದಿನ ಸಾಲು, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ವಾರ್ಷಿಕ ಸಭೆ ಇವು ಅವನ ಮುಖ್ಯ ಸಂಚಾರಸ್ಥಾನಗಳು. ಲ್ಯಾಪ್‌ಟಾಪಿನ ಕ್ಯಾಮೆರಾಗೆ ಅಂಟಿಸಿದ ಕರಿ ಟೇಪಿನ ತುಂಡು ಅವನ ಹೊರಗುರುತು.

ಗಣಕತಾರ್ಕಿಕನ ವಾದಗಳಲ್ಲಿ ಅತ್ಯಂತ ಹಳೆಯದು ಕಾರ್ಯಾಚರಣ ವ್ಯವಸ್ಥೆಗೆ, ಎಂದರೆ ಕಂಪ್ಯೂಟರಿನ ಯಂತ್ರಭಾಗವನ್ನೂ ಅದರ ಮೇಲೆ ಓಡುವ ತಂತ್ರಾಂಶಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ, ಸಂಬಂಧಿಸಿದ್ದು. ಯಾರು ಬೇಕಾದರೂ ಒಳಗಿನ ಕೋಡನ್ನು ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವೇ ಮನುಷ್ಯನ ಸ್ವಾತಂತ್ರ್ಯಕ್ಕೆ ಗತಿಯೆಂಬುದು ಅವನ ಸಿದ್ಧಾಂತ. ಪಾಪ, ಯಾರಾದರೂ ಸಮಾಧಾನಪಡಿಸಲೆಂದು ತಾವೂ ಲಿನಕ್ಸ್ ಎಂಬ ಅಂಥದೊಂದು ಮುಕ್ತ ತಂತ್ರಾಂಶದ ಬಗ್ಗೆ ಕೇಳಿದ್ದೇವೆ ಎಂದರೆ ಕೆಲಸ ಇನ್ನಷ್ಟು ಕೆಡುತ್ತದೆ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದದ್ದು ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ನಿಲ್ಲುವ ಕರ್ನೆಲ್ ಎಂಬ ಭಾಗವನ್ನು ಮಾತ್ರವೆಂದೂ, ಉಳಿದುದಕ್ಕೆ 1983ರಲ್ಲಿಯೇ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಹೆಸರಿನಲ್ಲಿ ತಳಹದಿ ಹಾಕಿದ್ದನೆಂದೂ, ಆದ್ದರಿಂದ ಗ್ನೂ ಲಿನಕ್ಸ್ ಎಂದೇ ಹೇಳತಕ್ಕದ್ದೆಂದೂ ಅವನು ತಿದ್ದುವಷ್ಟರಲ್ಲಿ ಬೈಟು ಕಾಫಿಯ ಎರಡು ಪಾಲೂ ಆರಿರುತ್ತವೆ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ 2014ರ ಏಪ್ರಿಲ್ 8 ಮತ್ತು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ 2025ರ ಅಕ್ಟೋಬರ್ 14 ಅವನ ಪಾಲಿಗೆ ಪರ್ವದಿನಗಳು. ಆ ದಿನಗಳ ಹಿಂದುಮುಂದಿನಲ್ಲಿ ಅವನು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ನೆಂಟರ ಮನೆಗಳಿಗೆ ಭೇಟಿ ಕೊಡುತ್ತಾನೆ, ನೆಂಟರು ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾರೆ.

ಎರಡನೆಯ ವಾದ ಕನ್ನಡದ್ದು. ಇದರಲ್ಲಿ ಅವನ ಮಾತಿಗೆ ತೂಕವೂ ಹೆಚ್ಚು, ಕಣ್ಣಂಚಿನಲ್ಲಿ ನೀರೂ ಹೆಚ್ಚು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ತಂತ್ರಾಂಶಗಳಲ್ಲಿ 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ ಮೇಲೋ, ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಒಪ್ಪಿಕೊಂಡ ನುಡಿ ಮೇಲೋ ಎಂಬ ಚರ್ಚೆಯಲ್ಲಿ ಅವನ ಯೌವನ ಸವೆದಿದೆ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತಂದು ಕೂರಿಸಿದ್ದವು. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವಾಗಿರಲಿಲ್ಲ. ಜಗತ್ತಿನ ಪ್ರತಿಯೊಂದು ಲಿಪಿಗೂ ಅದರದೇ ಸಂಕೇತಗಳನ್ನು ಗೊತ್ತುಮಾಡುವ ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ತೆಗೆದಿರಿಸಿದ್ದರೂ, ಡಿಟಿಪಿ ಅಂಗಡಿಗಳು ಹಳೆಯ ಫಾಂಟುಗಳನ್ನು ಇಂದಿಗೂ ಪೂರ್ತಿ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಪಿಡಿಎಫ್ ರೂಪದಲ್ಲಿ ಮೊಬೈಲಿಗೆ ಬಂದಾಗ ಉಳಿದ ನೆಂಟರು ಮುಹೂರ್ತವನ್ನೂ ಊಟದ ಹೊತ್ತನ್ನೂ ನೋಡಿದರೆ, ಗಣಕತಾರ್ಕಿಕನು ವಧುವಿನ ಹೆಸರಿನ ಮೇಲೆ ಬೆರಳೊತ್ತಿ, ಅದನ್ನು ನಕಲು ಮಾಡಿ, ಇನ್ನೊಂದು ಕಡೆ ಅಂಟಿಸಿ ನೋಡುತ್ತಾನೆ. ಚಿ. ಸೌ. ಎಂದಿರಬೇಕಾದಲ್ಲಿ ಟೊಪ್ಪಿಗೆ ಇಟ್ಟ, ಬಾಲ ಬಿಟ್ಟ, ನೆತ್ತಿಯ ಮೇಲೆ ಎರಡೆರಡು ಚುಕ್ಕೆ ಹೊತ್ತ ಫ್ರೆಂಚ್ ಜರ್ಮನ್ ಅಕ್ಷರಗಳ ಸಾಲು ಮೂಡಿದರೆ ಅವನ ಅನುಮಾನ ನಿಜವಾಗುತ್ತದೆ. ಅನಂತರ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತ ಕನ್ಯಾಪಿತೃವಿಗೆ, ತಮ್ಮ ಮಗಳ ಹೆಸರು ತಾಂತ್ರಿಕವಾಗಿ ಕನ್ನಡದಲ್ಲಿ ಇಲ್ಲವೆಂಬ ಸಂಗತಿ ತಿಳಿದುಬರುತ್ತದೆ.

2012ರಲ್ಲಿ ಕರ್ನಾಟಕ ಸರ್ಕಾರವೂ ಯುನಿಕೋಡನ್ನು ಒಪ್ಪಿಕೊಂಡಾಗ ಈ ವಾದ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಕೀಲಿಮಣೆಗೆ ವರ್ಗವಾಯಿತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡದ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸಲು ಎಫ್ ಕೀಲಿಯನ್ನೂ, ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಡಿ ಕೀಲಿಯನ್ನೂ ಒತ್ತಬೇಕು. ಈ ಎರಡು ಕೀಲಿಗಳು ಪಕ್ಕಪಕ್ಕದಲ್ಲಿಯೇ ಇವೆ, ನಡುವೆ ಒಂದು ಕೂದಲೆಳೆಯಷ್ಟು ಜಾಗವಿದೆ. ಆ ಜಾಗದಲ್ಲಿ ಎರಡು ಬಣಗಳು ಇಂದಿಗೂ ಮುಖ ಕೊಟ್ಟು ಮಾತಾಡದೆ ನಿಂತಿವೆ. ಈ ನಡುವೆ ಹೊಸ ತಲೆಮಾರಿನವರು ಕೀಲಿಮಣೆಯನ್ನೇ ಬಿಟ್ಟು ಮೊಬೈಲಿಗೆ ಬಾಯಿಮಾತಿನಲ್ಲಿ ಕನ್ನಡ ಹೇಳಿ ಬರೆಸಿಕೊಳ್ಳುತ್ತಿದ್ದಾರೆಂಬುದನ್ನು ಎರಡೂ ಬಣಗಳು ಗಮನಕ್ಕೆ ತೆಗೆದುಕೊಂಡಿಲ್ಲ.

ಇಲ್ಲಿ ವಾದದ ಬಗೆಗಳನ್ನು ಸ್ವಲ್ಪ ವಿವರಿಸುವುದು ಉಚಿತ. ನ್ಯಾಯಸೂತ್ರಗಳು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತವೆ: ತತ್ತ್ವವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯ ಪಕ್ಷವನ್ನು ಕೆಡವಲು ಮಾತ್ರ ನಡೆಸುವುದು ವಿತಂಡ. ಗಣಕತಾರ್ಕಿಕನು ಬೆಳಗಿನ ವಾಯುವಿಹಾರದಲ್ಲಿ ವಾದದಿಂದ ಆರಂಭಿಸಿ, ಉದ್ಯಾನದ ಎರಡನೆಯ ಸುತ್ತಿನಲ್ಲಿ ಜಲ್ಪವನ್ನು ಮುಟ್ಟಿ, ದರ್ಶಿನಿಗೆ ಬರುವ ಹೊತ್ತಿಗೆ ವಿತಂಡದಲ್ಲಿ ಸುಖವಾಗಿ ನೆಲೆಸುತ್ತಾನೆ. ಹೊರದೇಶದಲ್ಲಿ ತಯಾರಾದ ಕಂಪ್ಯೂಟರುಗಳಲ್ಲಿ ಗೂಢಚರ್ಯೆಯ ಅಪಾಯವಿರುವುದರಿಂದ ಸರ್ಕಾರ ಆಮದಿಗೆ ಕಡಿವಾಣ ಹಾಕಬೇಕೆಂದು ವರ್ಷಗಟ್ಟಲೆ ಪ್ರತಿಪಾದಿಸಿದ್ದವನು, 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪುಗಳ ಆಮದಿಗೆ ಪರವಾನಗಿ ಬೇಕೆಂಬ ಅಧಿಸೂಚನೆ ಹೊರಟ ಕೂಡಲೇ ಇದು ಲೈಸೆನ್ಸ್ ರಾಜ್ಯದ ಪುನರ್ಜನ್ಮವೆಂದು ಗುಡುಗಿದನು. ಮರುದಿನವೇ ಸರ್ಕಾರ ಆ ಆದೇಶದ ಜಾರಿಯನ್ನು ಅಕ್ಟೋಬರ್ ಮುಗಿಯುವವರೆಗೆ ಮುಂದಕ್ಕೆ ಹಾಕಿದಾಗ, ಒಂದು ಮಾತಿನ ಮೇಲೆ ನಿಲ್ಲಲಾರದ ಸರ್ಕಾರ ದೇಶದ ಭದ್ರತೆಯನ್ನು ಹೇಗೆ ಕಾದೀತೆಂದು ಕೇಳಿದನು. ಈ ಮೂರು ನಿಲುವುಗಳ ನಡುವೆ ಮೂವತ್ತಾರು ಗಂಟೆಗಳೂ ಕಳೆದಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹಟವಾದರೂ ಒಂದು ಮೊಲಕ್ಕೆ ಅಂಟಿಕೊಂಡಿರುತ್ತದೆ. ಇವನು ಮೊಲವನ್ನು ಬದಲಿಸುತ್ತ ಹೋದರೂ ಹಟವನ್ನು ಬದಲಿಸುವುದಿಲ್ಲ.

ಇನ್ನು ಪರೀಕ್ಷೆ. ಗಣಕತಾರ್ಕಿಕನ ಜ್ಞಾನ ಸಾಮಾನ್ಯದಲ್ಲಿ ಎಷ್ಟು ವಿಶಾಲವೋ ವಿಶೇಷದಲ್ಲಿ ಅಷ್ಟೇ ಸಂಕೋಚಶೀಲವಾದುದು. ನಾದಿನಿಯ ಮಗನ ಪರೀಕ್ಷೆಯ ಪ್ರವೇಶಪತ್ರ ಬೆಳಿಗ್ಗೆ ಎಂಟಕ್ಕೆ ಅಚ್ಚಾಗಬೇಕಾಗಿದ್ದು ಪ್ರಿಂಟರು ಕಾಗದವನ್ನು ಕಚ್ಚಿಕೊಂಡು ನಿಂತಾಗ ಅವನನ್ನು ಕರೆಸಿದರೆ, ಪ್ರಿಂಟರ್ ಕಂಪನಿಗಳು ಶಾಯಿಯ ಬೆಲೆಯಲ್ಲಿ ಲಾಭ ಮಾಡಿಕೊಳ್ಳುವ ಪರಿ, ಸ್ಟಾಲ್ಮನ್ನನ ಹೋರಾಟಕ್ಕೂ ಹಿಂದೊಮ್ಮೆ ಕಾಗದ ಕಚ್ಚಿಕೊಂಡ ಒಂದು ಪ್ರಿಂಟರೇ ಪ್ರೇರಣೆಯಾದದ್ದು, ಈ ಎರಡೂ ಸಂಗತಿಗಳು ಮನೆಯವರಿಗೆ ಮನದಟ್ಟಾಗುತ್ತವೆ. ಪ್ರವೇಶಪತ್ರ ಮಾತ್ರ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚಾಗುತ್ತದೆ. ಸೊಪ್ಪಿನ ಗಾಡಿಯ ಮುಂದಿನ ಪರೀಕ್ಷೆ ಇನ್ನೂ ಕಠಿಣ. ಮೊಬೈಲ್ ಪಾವತಿಯಿಂದ ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಕೊಂಡರೆಂಬ ವಿವರ ಶಾಶ್ವತವಾಗಿ ದಾಖಲಾಗುತ್ತದೆಂದು ಬಲ್ಲ ಅವನು ಇಪ್ಪತ್ತು ರೂಪಾಯಿಯ ಕೊತ್ತಂಬರಿಗೆ ಐನೂರರ ನೋಟು ಚಾಚುತ್ತಾನೆ. ಚಿಲ್ಲರೆ ಇಲ್ಲದ ಸೊಪ್ಪಿನವಳು ಗಾಡಿಗೆ ಕಟ್ಟಿದ ಕ್ಯುಆರ್ ಹಲಗೆಯನ್ನು ತೋರಿಸುತ್ತಾಳೆ. ಖಾಸಗಿತನದ ತತ್ತ್ವ ವಿವರಣೆಗೆ ಬರುವಷ್ಟರಲ್ಲಿ ಪತ್ನಿ ಮಹಡಿಯಿಂದಲೇ ನಂಬರು ಕೇಳಿ ಹಣ ಕಳಿಸಿರುತ್ತಾಳೆ. ವಾಟ್ಸಾಪನ್ನು ಎಲ್ಲರೂ ತ್ಯಜಿಸಬೇಕೆಂಬ ಅವನ ಕರೆಯೂ ಎಲ್ಲರಿಗೆ ತಲುಪುವುದು ವಾಟ್ಸಾಪಿನಲ್ಲಿಯೇ, ದಿನಕ್ಕೆ ಎರಡು ಬಾರಿ.

ಇಷ್ಟಾದರೂ ಗಣಕತಾರ್ಕಿಕನಿಗೆ ನಿಜವಾದ ಸಂಕಟ ಬರುವುದು ಸೋಲಿನಿಂದಲ್ಲ, ಗೆಲುವಿನಿಂದ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ತೀರ್ಪಿತ್ತಾಗ, ಅದರ ಮೂಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬ ಹೆಮ್ಮೆಯಿಂದ ಅವನು ಬಡಾವಣೆಗೆಲ್ಲ ಮೈಸೂರುಪಾಕು ಹಂಚಿದನಾದರೂ, ಮಾರನೆಯ ದಿನ ವಾಯುವಿಹಾರದಲ್ಲಿ ಎಲ್ಲರೂ ಅವನ ಮಾತನ್ನು ಒಪ್ಪಿಬಿಟ್ಟದ್ದರಿಂದ ಒಂದು ಸುತ್ತಿಗೇ ಮನೆಗೆ ಮರಳಿದನು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದು, ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೆ ಅವಕಾಶ ಕೊಟ್ಟಿದ್ದ ಭಾಗವನ್ನು ಹೊಡೆದುಹಾಕಿದಾಗ ಅವನಿಗೆ ಮತ್ತೆ ಜೀವ ಬಂತು. ತೀರ್ಪಿನ ಪ್ರತಿಯೊಂದಿಗೆ ಸಿಮ್ ಕಾರ್ಡಿನ ಅಂಗಡಿಗೆ ಹೋಗಿ, ಆಧಾರ್ ಕಡ್ಡಾಯವಲ್ಲವೆಂದು ಪುಟಸಹಿತ ತೋರಿಸಿ, ‘ಸಾರ್, ನೀವ್ ಹೇಳೋದೆಲ್ಲ ಸರಿ, ಸಿಸ್ಟಮ್ ತಗೊಳ್ಳಲ್ಲ’ ಎಂಬ ಉತ್ತರ ಪಡೆದು ಬಂದ ಆ ಸಂಜೆ ಅವನ ಮುಖದಲ್ಲಿ ಕಂಡ ಕಳೆ ಮೈಸೂರುಪಾಕಿನ ದಿನ ಕಂಡಿರಲಿಲ್ಲ.

ಆದರೆ ಇವನನ್ನು ವಿತಂಡಿಯೆಂದು ಕರೆದು ಪ್ರಕರಣ ಮುಗಿಸುವುದಕ್ಕೆ ಒಂದು ಬಲವಾದ ಅಡ್ಡಿಯಿದೆ, ಅದರ ಹೆಸರು 2015. ಆ ವರ್ಷದ ಮಾರ್ಚ್ 24ರಂದು, ಅಂತರ್ಜಾಲದಲ್ಲಿ ಆಡಿದ ಮಾತಿಗೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. ಮೂರೇ ದಿನಗಳ ನಂತರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಒಂದು ಸಮಾಲೋಚನಾ ಪತ್ರವನ್ನು, ಎಂದರೆ ನಿಯಮ ಮಾಡುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುವ ದಸ್ತಾವೇಜನ್ನು, ಪ್ರಕಟಿಸಿತು. ಅಂತರ್ಜಾಲ ಸೇವೆ ಒದಗಿಸುವ ಕಂಪನಿ ಎಲ್ಲ ಜಾಲತಾಣಗಳನ್ನೂ ಸಮನಾಗಿ ಕಾಣಬೇಕೋ, ಕೆಲವಕ್ಕೆ ಬೇರೆ ದರ ವಿಧಿಸಬಹುದೋ ಎಂಬ ಪ್ರಶ್ನೆ ಅದರಲ್ಲಿತ್ತು. ಪುಟಗಳು 118, ಪ್ರಶ್ನೆಗಳು 20. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಬಡಾವಣೆಯಲ್ಲಿ ಅವನೊಬ್ಬನೇ. ಉಳಿದವರು ಸಿದ್ಧ ಪತ್ರಕ್ಕೆ ಹೆಸರು ಸೇರಿಸಿ ಕಳಿಸಿದರೆ, ಅವನು ಎರಡು ರಾತ್ರಿ ನಿದ್ದೆಗೆಟ್ಟು ಇಪ್ಪತ್ತಕ್ಕೂ ಪ್ರತ್ಯೇಕ ಉತ್ತರ ಬರೆದನು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲುಗಳನ್ನು ಪ್ರಾಧಿಕಾರವು ಕಳಿಸಿದವರ ವಿಳಾಸಸಹಿತ ತನ್ನ ಜಾಲತಾಣದಲ್ಲಿ ಪ್ರಕಟಿಸಿಬಿಟ್ಟಾಗ, ಖಾಸಗಿತನದ ಈ ಘೋರ ಉಲ್ಲಂಘನೆಯನ್ನು ಅವನು ಉಗ್ರವಾಗಿ ಖಂಡಿಸಿದನು. ಖಂಡಿಸುವ ಮೊದಲು ಪಟ್ಟಿಯಲ್ಲಿ ತನ್ನ ಹೆಸರು ಇದೆಯೇ ಎಂದು ಹುಡುಕಿ, ಇರುವುದನ್ನು ಕಂಡು, ಪತ್ನಿಗೂ ತೋರಿಸಿದನು. ಫೇಸ್‌ಬುಕ್ ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟ ಮೇಲೂ, 2016ರ ಫೆಬ್ರುವರಿ 8ರಂದು ಪ್ರಾಧಿಕಾರವು ತಾಣಕ್ಕೊಂದು ದರ ವಿಧಿಸುವುದನ್ನು ನಿಷೇಧಿಸಿತು. ಆ ನಿಷೇಧದ ಫಲವನ್ನು ಅವನ ಮಾತು ಕೇಳಿ ಆಕಳಿಸಿದವರೂ ಸಮನಾಗಿ ಉಣ್ಣುತ್ತಿದ್ದಾರೆ.

ಆದ್ದರಿಂದ ಮೊದಲು ಹೇಳಿದ ಲಕ್ಷಣಕ್ಕೆ ಒಂದು ತಿದ್ದುಪಡಿ ಅಗತ್ಯ. ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದೆಂದು ಬಲ್ಲವನೇ ಗಣಕತಾರ್ಕಿಕ. ಉಳಿದ ನಾಗರಿಕರಿಗೆ ಕಾನೂನು ಬದಲಾದ ಸುದ್ದಿ ತಿಳಿಯುವುದು, ನಿನ್ನೆಯವರೆಗೆ ನಡೆಯುತ್ತಿದ್ದ ಕೆಲಸಕ್ಕೆ ಇಂದು ಒಟಿಪಿ ಕೇಳಿದಾಗ ಮಾತ್ರ. ಸರ್ಕಾರ ಪ್ರಜೆಗಳ ಅಭಿಪ್ರಾಯ ಕೇಳಿದಾಗ ಉತ್ತರಿಸುವ ಪ್ರಜೆಯೊಬ್ಬ ಎಲ್ಲೋ ಇರಬೇಕು. ಅವನು ದರ್ಶಿನಿಯಲ್ಲಿಯೂ ಮಂಟಪದಲ್ಲಿಯೂ ಅಭ್ಯಾಸ ಮಾಡದೆ ದಿಲ್ಲಿಗೆ ಬರೆಯಲು ಕಲಿಯುವುದಾದರೂ ಎಲ್ಲಿ? ಅವನ ಬಾಯಿ ಮುಚ್ಚಿಸಬೇಕೆನ್ನುವವರಿಗೆ ಶಾಸ್ತ್ರಸಮ್ಮತವಾದ ಉಪಾಯ ಒಂದೇ, ಆ ಕರಡುಗಳನ್ನು ತಾವೇ ಪೂರ್ತಿ ಓದಿ ತಾವೇ ಉತ್ತರ ಬರೆಯುವುದು. ಅವನ ಮಾತನ್ನು ಎರಡು ಗಂಟೆ ಕೇಳುವುದಕ್ಕಿಂತ ಕರಡಿನ ಎರಡು ಪುಟ ಓದುವುದು ಕಷ್ಟವೆಂಬುದು ಪ್ರಯತ್ನಿಸಿದ ಎಲ್ಲರ ಅನುಭವವಾದ್ದರಿಂದ, ಈ ವರ್ಗದ ಸಂತತಿಗೆ ಸದ್ಯಕ್ಕೆ ಯಾವ ಅಪಾಯವೂ ಕಾಣುವುದಿಲ್ಲ.