ಸಮಪಾಲಮ್ಮನ ಡಿಸೆಂಬರ್

ಅಮೆರಿಕದ ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಯ ಊರುಗಳಲ್ಲಿ ಒಂದು ಬಗೆಯ ಗೃಹಿಣಿಯರಿದ್ದಾರೆ. ಹುಟ್ಟಿ ಬೆಳೆದದ್ದು ಐರಿಷ್ ಇಲ್ಲವೇ ಇಟಾಲಿಯನ್ ಮೂಲದ ಕ್ಯಾಥೊಲಿಕ್ ಮನೆಯಲ್ಲಿ, ಕೈಹಿಡಿದದ್ದು ಯಹೂದಿ ಹುಡುಗನನ್ನು. ವರ್ಷದ ಹನ್ನೊಂದು ತಿಂಗಳು ಇವರೂ ಎಲ್ಲರಂತೆಯೇ. ಹುಲ್ಲು ಕತ್ತರಿಸದ ಗಂಡನನ್ನು ಬೈಯುತ್ತಾರೆ, ಮಕ್ಕಳನ್ನು ಸಾಕರ್ ಆಟಕ್ಕೆ ಕಾರಿನಲ್ಲಿ ಬಿಟ್ಟುಬರುತ್ತಾರೆ. ಡಿಸೆಂಬರ್ ಹುಟ್ಟಿತೋ, ಮನೆಯೊಳಗೆ ಕೋರ್ಟು ಶುರು. ಕ್ರಿಸ್‌ಮಸ್‌ಗೆ ಎಷ್ಟೋ ಯಹೂದಿಗಳ ದೀಪದ ಹಬ್ಬ ಹನುಕ್ಕಾಕ್ಕೂ ಅಷ್ಟೇ. ಅತ್ತೆಯ ಕಡೆಗೆ ಗುಲಗಂಜಿಯಷ್ಟು ಹೆಚ್ಚಬಾರದು, ಅಪ್ಪನ ಕಡೆಗೆ ಗುಲಗಂಜಿಯಷ್ಟು ತಗ್ಗಬಾರದು. ನಮ್ಮ ಬೀದಿಯಲ್ಲಿರುವ ಇಂಥವರೊಬ್ಬರಿಗೆ ನನ್ನ ಹೆಂಡತಿ ‘ಸಮಪಾಲಮ್ಮ’ ಎಂದು ಹೆಸರಿಟ್ಟಿದ್ದಾಳೆ. ಅವರಿಗೆ ಕನ್ನಡ ಬಾರದ ಕಾರಣ ಅವರೆದುರಿಗೇ ಆ ಹೆಸರನ್ನು ಧಾರಾಳವಾಗಿ ಬಳಸುತ್ತೇವೆ.

ಇವರು ಅಪರೂಪದ ಜನ ಎಂದುಕೊಳ್ಳಬೇಡಿ. ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ, 2010ರಿಂದೀಚೆಗೆ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಶೇ. 61ರಷ್ಟು ಜನರ ಸಂಗಾತಿ ಯಹೂದಿಯಲ್ಲ. ಅದೇ ಸಂಸ್ಥೆ 2013ರಲ್ಲಿ ಕೇಳಿದಾಗ, ಹಿಂದಿನ ವರ್ಷ ಮನೆಯಲ್ಲಿ ಕ್ರಿಸ್‌ಮಸ್ ಮರ ಇಟ್ಟಿದ್ದೆವು ಎಂದು ಶೇ. 32ರಷ್ಟು ಯಹೂದಿಗಳು ಒಪ್ಪಿಕೊಂಡಿದ್ದರು. ಅತ್ತೆಯಂದಿರು ಹತ್ತಿರ ಕೂತಿರಲಿಲ್ಲವೆಂದು ಕಾಣುತ್ತದೆ.

ಬೇರೆಯವರ ಮನೆಯಲ್ಲಿ ಎರಡೂ ಹಬ್ಬ ಕಲಸಿಹೋಗುತ್ತವೆ. 2003ರಲ್ಲಿ ‘ದಿ ಓ.ಸಿ.’ ಎಂಬ ಟೀವಿ ಧಾರಾವಾಹಿಯ ಹುಡುಗನೊಬ್ಬ ಎರಡನ್ನೂ ಸೇರಿಸಿ ‘ಕ್ರಿಸ್ಮುಕ್ಕಾ’ ಮಾಡಿದ ಮೇಲಂತೂ ಆ ಹೆಸರಿನ ಗ್ರೀಟಿಂಗ್ ಕಾರ್ಡುಗಳೇ ಅಂಗಡಿಗೆ ಬಂದವು. ಸಮಪಾಲಮ್ಮನಿಗೆ ಈ ಕಲಸುಮೇಲೋಗರ ಆಗದು. ಕಲಸಿದರೆ ಲೆಕ್ಕ ಸಿಗುವುದಿಲ್ಲ. ಅವರ ಫ್ರಿಜ್ಜಿನ ಬಾಗಿಲಿಗೆ ಡಿಸೆಂಬರ್ ಒಂದಕ್ಕೆ ಒಂದು ಎಕ್ಸೆಲ್ ಹಾಳೆ ಅಂಟಿಕೊಳ್ಳುತ್ತದೆ: ಎಡಗಡೆ ಕೆಂಪು ಕಾಲಂ, ಬಲಗಡೆ ನೀಲಿ ಕಾಲಂ. ಬಾಗಿಲಿಗೆ ಹಾರ ಕಟ್ಟಿದರೆ ಕೆಂಪಿನಲ್ಲಿ ಒಂದು ಗುರುತು, ಗೇಟಿಗೆ ನೀಲಿ ದೀಪ ಬಿಟ್ಟರೆ ನೀಲಿಯಲ್ಲಿ ಒಂದು. ವೃತ್ತಿಯಲ್ಲಿ ಅವರು ಆಡಿಟರ್ ಇರಬೇಕೆಂದು ನೀವು ಊಹಿಸುತ್ತೀರಿ. ಅಲ್ಲ, ಹಲ್ಲಿನ ಡಾಕ್ಟರು. ಆದರೂ ಕೆಂಪು ಕಾಲಂನ ಕಾಲುಚೀಲಕ್ಕೆ ಎಷ್ಟು ಚಾಕೊಲೇಟ್ ತುಂಬುತ್ತಾರೋ, ಹನುಕ್ಕಾದ ‘ಗೆಲ್ಟ್’ ಎಂಬ ಚಿನ್ನದ ಕಾಗದದ ಚಾಕೊಲೇಟ್ ನಾಣ್ಯಗಳನ್ನೂ ತೂಕದಲ್ಲಿ ಅಷ್ಟೇ ಹಂಚುತ್ತಾರೆ. ಜನವರಿಯಲ್ಲಿ ಕ್ಲಿನಿಕ್ಕಿಗೆ ಎರಡೂ ಪಂಗಡದ ಹಲ್ಲುಗಳು ಬರುತ್ತವೆ.

ಅವರ ಮೊದಲ ಶತ್ರು ಪಂಚಾಂಗ. ಕ್ರಿಸ್‌ಮಸ್ ಡಿಸೆಂಬರ್ 25ನ್ನು ಬಿಟ್ಟು ಅಲುಗುವುದಿಲ್ಲ. ಹನುಕ್ಕಾ ಕಿಸ್ಲೇವ್ ಮಾಸದ 25ಕ್ಕೆ ಶುರುವಾಗಿ ಎಂಟು ದಿನ ನಡೆಯುವ ಹಬ್ಬ. ಯಹೂದಿ ಪಂಚಾಂಗದಲ್ಲಿ ತಿಂಗಳು ಚಂದ್ರನದು, ವರ್ಷ ಸೂರ್ಯನದು, ಆದ್ದರಿಂದ ಹಬ್ಬ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಓಡಾಡುತ್ತಿರುತ್ತದೆ. 2013ರಲ್ಲಿ ಅದು ಥ್ಯಾಂಕ್ಸ್‌ಗಿವಿಂಗ್ ದಿನದ ಟರ್ಕಿ ಕೋಳಿಯ ಜೊತೆ ಬಂದು ಕೂತು, ಡಿಸೆಂಬರ್ ಮೊದಲ ವಾರದಲ್ಲೇ ಎದ್ದುಹೋಗಿತ್ತು. ಆ ವರ್ಷ ನೀಲಿ ಕಾಲಂ ತುಂಬಿದಾಗ ಕೆಂಪಿನದು ಖಾಲಿ, ಕೆಂಪಿನದು ತುಂಬಿದಾಗ ನೀಲಿಗೆ ಕೆಲಸವಿಲ್ಲ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಹಾಕಿ ಯಹೂದಿಗಳು ಲೆಕ್ಕ ಸರಿದೂಗಿಸುತ್ತಾರೆ ಎಂದು ಸಮಪಾಲಮ್ಮ ಒಮ್ಮೆ ನಮಗೆ ವಿವರಿಸಲು ಹೊರಟರು. ಅಧಿಕ ಮಾಸವನ್ನು ಕನ್ನಡಿಗರಿಗೆ ವಿವರಿಸುವುದು! ಆ ಮಾಸದಲ್ಲಿ ನಮ್ಮತ್ತೆ ಅಳಿಯನಿಗೆ ಮೂವತ್ತಮೂರು ಹೋಳಿಗೆ ದಾನ ಕೊಟ್ಟಿದ್ದನ್ನು ಹೇಳಿದೆ. ಅವರ ಕಣ್ಣು ಅರಳಿತು. ಸಂಖ್ಯೆಯಿರುವ ಯಾವ ಭಕ್ತಿಯೂ ಅವರಿಗೆ ಇಷ್ಟ.

ಎರಡನೆಯ ಶತ್ರು ಕಿಟಕಿ. ಮನೆಗೆ ಬೀದಿ ಕಡೆಯ ದೊಡ್ಡ ಕಿಟಕಿ ಇರುವುದು ಒಂದೇ. ಮರ ಇಡಬೇಕಾದದ್ದು ಅಲ್ಲಿ. ದಾರಿಹೋಕರಿಗೆ ಕಾಣದ ಮರ ಮರವೇ ಅಲ್ಲ. ಹನುಕ್ಕಾದ ಒಂಬತ್ತು ಕವಲಿನ ದೀಪಸ್ತಂಭ ಮೆನೋರಾವನ್ನೂ ಅಲ್ಲೇ ಇಡಬೇಕು. ಹಿಂದೆ ಜೆರುಸಲೇಮಿನ ದೇವಾಲಯದಲ್ಲಿ ನಡೆದ ಎಣ್ಣೆಯ ಪವಾಡವನ್ನು ಲೋಕಕ್ಕೆ ಸಾರಬೇಕೆಂಬುದು ಸಂಪ್ರದಾಯ. ಒಣಗಿದ ಫರ್ ಮರದ ಪಕ್ಕ ಉರಿಯುವ ಮೇಣದಬತ್ತಿ ಇಟ್ಟರೆ ಲೋಕಕ್ಕೆ ಸಾರುವುದು ಅಗ್ನಿಶಾಮಕ ದಳದ ಗಂಟೆ. ಕಡೆಗೆ ಕಿಟಕಿಯ ಎಡ ಅರ್ಧ ಮರಕ್ಕೆ, ಬಲ ಅರ್ಧ ಮೆನೋರಾಕ್ಕೆ, ನಡುವೆ ಮೂರು ಅಡಿ ಯಾರಿಗೂ ಸೇರದ ಜಾಗ ಎಂದು ಒಪ್ಪಂದವಾಯಿತು. ಆ ಜಾಗದಲ್ಲಿ ಬೆಕ್ಕು ಮಲಗುತ್ತದೆ.

ಉಡುಗೊರೆಯ ವಿಷಯದಲ್ಲಿ ಮಕ್ಕಳು ತಾಯಿಗಿಂತ ಚುರುಕು. ಎಂಟು ರಾತ್ರಿಗೆ ಎಂಟು ಉಡುಗೊರೆ, ಕ್ರಿಸ್‌ಮಸ್ ಬೆಳಿಗ್ಗೆಗೆ ಒಂದೇ ಆದರೆ ಯೇಸುವಿಗೆ ಅನ್ಯಾಯವಲ್ಲವೇ ಎಂದು ದೊಡ್ಡವನು ಕೇಳಿದ. ಅಜ್ಜನ ಕಡೆಯ ಮೇಲೆ ಅವನಿಗೆ ಅಷ್ಟೊಂದು ಶ್ರದ್ಧೆ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಮರದ ಕೆಳಗೂ ಎಂಟು ಪೊಟ್ಟಣ ಬಂದವು. 2005ರಿಂದ ಅಮೆರಿಕದ ಮನೆಗಳ ಶೆಲ್ಫಿನ ಮೇಲೆ ಸಾಂತಾಕ್ಲಾಸನ ಗೂಢಚಾರನಾಗಿ ಒಂದು ಎಲ್ಫ್ ಗೊಂಬೆ ಕೂರುತ್ತಿದೆಯಷ್ಟೆ. ಕೆಲವು ವರ್ಷದಲ್ಲಿ ಅದಕ್ಕೆ ಸಮನಾಗಿ ಬೆಂಚಿನ ಮೇಲೆ ಕೂರುವ ಗಡ್ಡದ ಯಹೂದಿ ಗೊಂಬೆಯೂ ಮಾರುಕಟ್ಟೆಗೆ ಬಂತು. ಸಮಪಾಲಮ್ಮ ಎರಡನ್ನೂ ತಂದು ಎದುರುಬದುರು ಕೂರಿಸಿದ್ದಾರೆ. ಈಗ ಮಕ್ಕಳ ಬದಲು ಅವೇ ಒಂದನ್ನೊಂದು ಕಾಯುತ್ತಿವೆ.

ಇಷ್ಟಕ್ಕೂ ಧರ್ಮಶಾಸ್ತ್ರದ ಲೆಕ್ಕದಲ್ಲಿ ಹನುಕ್ಕಾ ಸಣ್ಣ ಹಬ್ಬ. ಯೋಮ್ ಕಿಪ್ಪೂರ್‌ನಂತೆ ಉಪವಾಸವಿಲ್ಲ, ಪಾಸೋವರ್‌ನಂತೆ ಮನೆಯನ್ನೆಲ್ಲ ಗುಡಿಸಿ ಹುಳಿಹಿಟ್ಟು ಹೊರಹಾಕುವ ಕಟ್ಟಳೆಯಿಲ್ಲ, ಕೆಲಸಕ್ಕೆ ರಜೆಯೂ ಇಲ್ಲ. ಅಮೆರಿಕದಲ್ಲಿ ಅದು ಇಷ್ಟು ದೊಡ್ಡದಾದದ್ದು ಕ್ರಿಸ್‌ಮಸ್ಸಿನ ನೆರೆಮನೆಯಲ್ಲಿ ಬಿಡಾರ ಹೂಡಿದ್ದರಿಂದ. ಸಮಪಾಲಮ್ಮನ ಗಂಡ ಇದನ್ನು ನಿಧಾನವಾಗಿ ತಿಳಿಸಿ ಹೇಳಿದ್ದುಂಟು, ಇಷ್ಟೆಲ್ಲ ಬೇಡ ಎಂದದ್ದುಂಟು. “ನಿಮ್ಮ ಹಬ್ಬವನ್ನು ನೀವೇ ಸಣ್ಣದು ಮಾಡಿದರೆ ನಾನು ಯಾರ ಜೊತೆ ಸಮ ಮಾಡಲಿ?” ಎಂದು ಅವರು ಕೇಳಿದರಂತೆ. ಆ ಬಡಪಾಯಿ ಹೋಗಿ ಎಂಟನೆಯ ಪೊಟ್ಟಣ ಸುತ್ತಿದ.

2024ರಲ್ಲಿ ಹನುಕ್ಕಾದ ಮೊದಲ ದೀಪ ಡಿಸೆಂಬರ್ 25ರ ಸಂಜೆಗೇ ಬಿತ್ತು. ಹಾಗೆ ಬಿದ್ದದ್ದು 2005ರ ನಂತರ ಅದೇ ಮೊದಲು. ಎರಡೂ ಕಡೆಯ ಬೀಗರನ್ನು ಒಂದೇ ಮೇಜಿಗೆ ಕರೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಬ್ರೂಕ್ಲಿನ್‌ನಿಂದ ಅತ್ತೆ, ಬಾಸ್ಟನ್‌ನಿಂದ ಅಪ್ಪ, ಪಕ್ಷಪಾತವಿಲ್ಲದ ಸಾಕ್ಷಿಗಳಾಗಿ ನಾವಿಬ್ಬರು.

ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿದ. ಮೊದಲ ರಾತ್ರಿಯಾದ್ದರಿಂದ ಮೆನೋರಾದಲ್ಲಿ ಆ ದಿನದ ಬತ್ತಿ ಒಂದು, ಅದನ್ನು ಹೊತ್ತಿಸುವ ಸೇವಕ ಬತ್ತಿ ಶಮಾಶ್ ಇನ್ನೊಂದು. ಒಟ್ಟು ಎರಡು. ಆ ಕಡೆ ಮರದ ಮೇಲೆ ಮುನ್ನೂರು ಬಲ್ಬು. ಸಮಪಾಲಮ್ಮ ಒಂದು ಕ್ಷಣ ಎರಡು ಕಡೆಯೂ ನೋಡಿ, ಬಗ್ಗಿ, ಮರದ ಪ್ಲಗ್ಗು ಕಿತ್ತರು. ಹನುಕ್ಕಾ ದೀಪ ಕನಿಷ್ಠ ಅರ್ಧ ಗಂಟೆ ಉರಿಯಬೇಕೆಂಬುದು ನಿಯಮ, ಹಾಗಾಗಿ ಮರಕ್ಕೆ ಅರ್ಧ ಗಂಟೆ ಕತ್ತಲು. ಕಿವಿ ಮಂದವಾಗಿದ್ದ ಅಪ್ಪ ಫ್ಯೂಸ್ ನೋಡಲು ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದುಹೋದರು.

ಊಟದ ಮೇಜಿನದು ಇನ್ನೂ ಸೂಕ್ಷ್ಮ. ಅತ್ತೆಗಾಗಿ ದನದ ಎದೆಭಾಗವನ್ನು ಗಂಟೆಗಟ್ಟಲೆ ಬೇಯಿಸಿದ ಬ್ರಿಸ್ಕೆಟ್, ಅಪ್ಪನಿಗಾಗಿ ಜೇನು ಸವರಿದ ಹಂದಿ ತೊಡೆಯ ಹ್ಯಾಮ್. ಯಹೂದಿಗಳ ಕೋಷರ್ ಆಹಾರ ನಿಯಮದಲ್ಲಿ ಹಂದಿಗೆ ಜಾಗವೇ ಇಲ್ಲ, ಮಾಂಸದ ಜೊತೆ ಹಾಲಿನ ಪದಾರ್ಥವೂ ಕೂಡದು. ಆದ್ದರಿಂದ ಹನುಕ್ಕಾದ ತಿಂಡಿಯಾದ ಲಾಟ್ಕೆಗೆ ನಂಚಿಕೊಳ್ಳುವ ಹುಳಿ ಕೆನೆ ಮುಖ್ಯ ಮೇಜಿನಿಂದ ಗಡೀಪಾರಾಗಿ, ಹ್ಯಾಮ್ ಜೊತೆ ಕಿಟಕಿಯ ಪಕ್ಕದ ಸಣ್ಣ ಮೇಜು ಸೇರಿತು. ಮುಖ್ಯ ಮೇಜಿಗೆ ಸೇಬಿನ ಸಾಸು. ಗಂಡನಿಗೆ ಆ ರಾತ್ರಿ ಹೊರಗೆ ಹಿಮ ಬೀಳುತ್ತಿದೆಯೇ ಎಂಬ ಚಿಂತೆ ಹತ್ತಿತು. ಎದ್ದೆದ್ದು ಕಿಟಕಿಯ ಬಳಿ ಹೋಗಿ, ಬಾಯಿ ಆಡಿಸುತ್ತ ಹಿಂದಿರುಗುತ್ತಿದ್ದ. ಅತ್ತೆ ಎಲ್ಲವನ್ನೂ ನೋಡಿಯೂ ನೋಡದಂತೆ, “ಕಿಟಕಿ ಹತ್ತಿರ ಥಂಡಿ ಜಾಸ್ತಿ, ಸ್ವೆಟರ್ ಹಾಕ್ಕೊಂಡು ಹೋಗಪ್ಪ” ಎಂದರು. ತಾಯಂದಿರಿಗೆ ಧರ್ಮಭೇದವಿಲ್ಲ ಎನ್ನುವುದು ಇಂಥ ಕಡೆ.

ಲಾಟ್ಕೆಯೆಂದರೆ ತುರಿದ ಆಲೂಗಡ್ಡೆ ಈರುಳ್ಳಿಯನ್ನು ಹಿಂಡಿ, ತಟ್ಟಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು. ಒಂದು ದಿನಕ್ಕೆ ಸಾಲುವ ಎಣ್ಣೆ ಎಂಟು ದಿನ ಉರಿಯಿತೆಂಬ ಪವಾಡದ ನೆನಪಿಗೆ ಎಣ್ಣೆ. ತಟ್ಟೆ ಬರುತ್ತಿದ್ದಂತೆ ನನ್ನವಳು ಮೊಣಕೈಯಿಂದ ತಿವಿದಳು: “ರೀ, ಮೊಟ್ಟೆ ಹಾಕಿರ್ತಾರೆ, ಕೇಳಿ.” ಕೇಳುವುದೇ ಬೇಕಾಗಲಿಲ್ಲ. ಜೋಳದ ಹಿಟ್ಟು ಹಾಕಿ ಕರಿದ ಆರು ಲಾಟ್ಕೆ ಪ್ರತ್ಯೇಕ ತಟ್ಟೆಯಲ್ಲಿ, ಹಸಿರು ಕಾಗದದ ಬಾವುಟ ಚುಚ್ಚಿಕೊಂಡು ಬಂದವು. ಫ್ರಿಜ್ಜಿನ ಮೇಲೆ ನೋಡಿದರೆ ನಮ್ಮ ಹೆಸರಿನಲ್ಲೂ ಒಂದು ಹಸಿರು ಕಾಲಂ! “ನಿಮ್ಮ ದೀಪಾವಳಿ ಡಿಸೆಂಬರ್‌ಗೆ ಬರುವುದುಂಟೇ?” ಎಂದು ಅವರು ಪೆನ್ನು ಹಿಡಿದು ಕೇಳಿದರು. “ಇಲ್ಲ, ಯಾವತ್ತೂ ಇಲ್ಲ” ಎಂದಳು ನನ್ನವಳು, ಆಣೆಯಿಡುವ ಧ್ವನಿಯಲ್ಲಿ.

ಊಟದ ನಡುವೆ ಅಡ್ಡಿ ತಂದದ್ದು ಹಾಡು. ಒಂದು ಕ್ರಿಸ್‌ಮಸ್ ಹಾಡು, ಒಂದು ಹನುಕ್ಕಾ ಹಾಡು ಎಂದು ಪಟ್ಟಿ ಮಾಡಿದ್ದರು. ‘ವೈಟ್ ಕ್ರಿಸ್‌ಮಸ್’ ಮುಗಿದೊಡನೆ ಗಂಡ, ಬಾಯಲ್ಲಿದ್ದದ್ದನ್ನು ನುಂಗಿ, ಅದನ್ನು ಬರೆದ ಅರ್ವಿಂಗ್ ಬರ್ಲಿನ್ ಯಹೂದಿಯೆಂದು ಜ್ಞಾಪಿಸಿದ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಹಾಡು? ಅದೂ ಯಹೂದಿಯದೇ, ಜಾನಿ ಮಾರ್ಕ್ಸ್. ‘ಲೆಟ್ ಇಟ್ ಸ್ನೋ’ ಬರೆದವನೊಬ್ಬ, ರಾಗ ಹಾಕಿದವನೊಬ್ಬ, ಇಬ್ಬರೂ ಯಹೂದಿಗಳು. ಸಮಪಾಲಮ್ಮನ ಪೆನ್ನು ಎರಡು ಕಾಲಂಗಳ ಮಧ್ಯದ ಗೆರೆಯ ಮೇಲೆ ನಿಂತುಬಿಟ್ಟಿತು. ಗಾಯನ ಕೆಂಪಿನದು, ಗೇಯ ನೀಲಿಯದು. ಗುರುತು ಎಲ್ಲಿ ಹಾಕುವುದು?

ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ. ಅಪ್ಪ ಬೈಬಲ್ ತೆರೆದು ಲೂಕನ ಸುವಾರ್ತೆಯಿಂದ ಯೇಸುವಿನ ಜನನ ಓದಿದರು. ನ್ಯಾಯವಾಗಿ ಈಗ ಹನುಕ್ಕಾದ ಕಥೆಯ ಸರದಿ. ಆಂಟಿಯೋಕಸ್ ರಾಜ ಕೆಡಿಸಿದ್ದ ಜೆರುಸಲೇಮಿನ ದೇವಾಲಯವನ್ನು ಕ್ರಿ.ಪೂ. 164ರ ಸುಮಾರಿಗೆ ಮಕ್ಕಬಿ ಸೋದರರು ಗೆದ್ದು ಶುದ್ಧಿ ಮಾಡಿ ಮರಳಿ ಪ್ರತಿಷ್ಠಾಪಿಸಿದ ಕಥೆ. ಗಂಡ ಕಪಾಟಿನಿಂದ ಯಹೂದಿ ಗ್ರಂಥವನ್ನು ತಂದು ಹಿಂದೆ ಮುಂದೆ ತಿರುವಿದ. ಅದರಲ್ಲಿ ಇಲ್ಲ! ಮಕ್ಕಬಿಯರ ಪುಸ್ತಕಗಳು ಹೀಬ್ರೂ ಬೈಬಲ್ಲಿಗೆ ಸೇರಿಲ್ಲ; ಇರುವುದು ಕ್ಯಾಥೊಲಿಕರ ಬೈಬಲ್ಲಿನಲ್ಲಿ. ಬಾಸ್ಟನ್ನಿನ ಅಪ್ಪ ಕನ್ನಡಕ ಸರಿಮಾಡಿಕೊಂಡು, ಬ್ರೂಕ್ಲಿನ್ನಿನ ಅತ್ತೆಗೆ ಅವರದೇ ಹಬ್ಬದ ಕಥೆಯನ್ನು ಓದಿ ಹೇಳಿದರು. ಅತ್ತೆ ಕೊನೆಯವರೆಗೂ ಕೇಳಿ, “ಎಲ್ಲಾ ಸರಿ, ಎಣ್ಣೆ ಎಲ್ಲಿ?” ಎಂದರು. ಎಣ್ಣೆ ಅಲ್ಲಿರಲಿಲ್ಲ. ಅದಿರುವುದು ಟಾಲ್ಮುಡ್ ಎಂಬ ಇನ್ನೊಂದು ಯಹೂದಿ ಗ್ರಂಥದಲ್ಲಿ, ಮೊಮ್ಮಗ ಫೋನಿನಲ್ಲಿ ಹುಡುಕಿಕೊಟ್ಟ. ಅಪ್ಪನಿಗೆ ಈಗ ಹುರುಪು ಬಂದಿತ್ತು. ಯೋಹಾನನ ಸುವಾರ್ತೆಯ 10ನೇ ಅಧ್ಯಾಯ ತೆಗೆದು, ಚಳಿಗಾಲದಲ್ಲಿ ಇದೇ ಪ್ರತಿಷ್ಠೆಯ ಹಬ್ಬದ ದಿನ ಯೇಸು ಜೆರುಸಲೇಮಿನ ದೇವಾಲಯದ ಮಂಟಪದಲ್ಲಿ ಓಡಾಡುತ್ತಿದ್ದನೆಂದು ತೋರಿಸಿದರು. “ಇದ್ದೇ ಇರ್ತಾನೆ, ನಮ್ಮ ಹುಡುಗ ತಾನೇ?” ಎಂದರು ಅತ್ತೆ, ಇನ್ನೊಂದು ಲಾಟ್ಕೆ ಎಳೆದುಕೊಳ್ಳುತ್ತ.

ಸಮಪಾಲಮ್ಮ ಸೋಲುವವರಲ್ಲ. ಕಡೆಗೆ ಉಳಿದದ್ದು ಆಲೂಗಡ್ಡೆ. ಅದಾದರೂ ಶುದ್ಧ ನೀಲಿ ಕಾಲಂನದು ಎಂದರು. ಅದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಗೆಡ್ಡೆ, ಯೂರೋಪಿಗೆ ಬಂದದ್ದೇ ಹದಿನಾರನೆಯ ಶತಮಾನದಲ್ಲಿ, ಅದಕ್ಕೆ ಮುಂಚೆ ಲಾಟ್ಕೆಗೆ ಚೀಸ್ ಬಳಸುತ್ತಿದ್ದರು ಎಂದು ಹೇಳಲು ನನ್ನ ನಾಲಿಗೆ ತುರಿಸಿತು. ನನ್ನವಳು ಮತ್ತೆ ಮೊಣಕೈ ಎತ್ತಿದಳು. ಸುಮ್ಮನಾದೆ.

ಇನ್ನು 2027ರಲ್ಲಿ ಹನುಕ್ಕಾದ ಮೊದಲ ಬತ್ತಿ ಡಿಸೆಂಬರ್ 24ರ ಸಂಜೆ, ಕ್ರಿಸ್‌ಮಸ್ ಮುನ್ನಾದಿನವೇ ಬರುತ್ತದೆ. ಆ ವರ್ಷ ನಿಮ್ಮಲ್ಲಿ ಯಾರಾದರೂ ಮಗನ ಮನೆಗೋ ಮಗಳ ಬಾಣಂತನಕ್ಕೋ ಆ ಕಡೆ ಹೋಗಿದ್ದು, ಇಂಥ ಮನೆಯಿಂದ ಕರೆ ಬಂದರೆ ಖಂಡಿತ ಹೋಗಿ. ಮರವನ್ನು ಹೊಗಳಿದಷ್ಟೇ ಮೆನೋರಾವನ್ನೂ ಹೊಗಳಿ. ಉಡುಗೊರೆಗೆ ಹಸಿರು ಕಾಗದ ಸುತ್ತಿ, ಯಾವ ಕಡೆಗೂ ಸೇರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಕೆಂಪಿನ ಜೊತೆ ಹಸಿರೂ ಕ್ರಿಸ್‌ಮಸ್ಸಿನದೇ. ಕಂದು ಕಾಗದ ಕ್ಷೇಮ. ಮೊಟ್ಟೆ ತಿನ್ನದವರು ಎರಡು ದಿನ ಮೊದಲೇ ತಿಳಿಸಿ. ತಡಮಾಡಬೇಡಿ, ಲಾಟ್ಕೆ ಬಿಸಿಯಿದ್ದಾಗಲೇ ರುಚಿ.